ಆಕ್ಸಿಡೆಂಟ್ ಆದಮೇಲೆ ಮೊದಲ ಸಲ ವಕೀಲರ ಹತ್ತಿರ ಹೋಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಅಥವಾ ಮನೆಯವರನ್ನು ಕಳೆದುಕೊಂಡವರು ಪರಿಹಾರಕ್ಕಾಗಿ ಮೊದಲ ಸಲ ವಕೀಲರನ್ನು ನೋಡಲು ಹೋಗುವಾಗ ಕೇಳುವ ಪ್ರಶ್ನೆಗಳು ಇವು. ಇಲ್ಲಿರುವುದು ಕರ್ನಾಟಕದ ಕೋರ್ಟುಗಳಲ್ಲಿ ನಡೆಯುವ ರೀತಿ. ಕಾನೂನು ಮಾತ್ರ ಇಡೀ ದೇಶಕ್ಕೆ ಒಂದೇ, 1988ರ ಮೋಟಾರು ವಾಹನ ಕಾಯ್ದೆ. ನಿಮ್ಮ ಕೇಸಿನ ವಿವರ ನೋಡಿ ಸಲಹೆ ಕೊಡಬೇಕಾದವರು ನಿಮ್ಮ ವಕೀಲರೇ.

ವಕೀಲರ ಹತ್ತಿರ ಯಾವಾಗ ಹೋಗಬೇಕು? ಗಾಯ ವಾಸಿಯಾದಮೇಲೆ ಹೋದರೆ ಆಗಲ್ವಾ?

ಕೇಸು ಹಾಕಲು ಆತುರ ಬೇಡ, ಆದರೆ ವಕೀಲರನ್ನು ಭೇಟಿಯಾಗಲು ತಡ ಮಾಡಬೇಡಿ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ಎಷ್ಟೋ ವರ್ಷ ಇಂಥ ಗಡುವೇ ಇರಲಿಲ್ಲ. ಹಾಗಾಗಿ ಹಳೆ ಕಾಲದ ಅನುಭವದ ಮೇಲೆ 'ಯಾವಾಗ ಬೇಕಾದರೂ ಹಾಕಬಹುದು' ಎಂದು ಹೇಳುವ ಹಿರಿಯರು ಈಗಲೂ ಸಿಗುತ್ತಾರೆ. ಈ ಆರು ತಿಂಗಳ ನಿಯಮವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೆ ಮಧ್ಯಂತರ ಆದೇಶ ನಂಬಿಕೊಂಡು ಕೂರಬೇಡಿ. ಆರು ತಿಂಗಳು ದಾಟಿದ್ದರೂ ಕೈ ಚೆಲ್ಲಬೇಡಿ, ಇವತ್ತೇ ಹೋಗಿ.

ಬೇಗ ಹೋಗಬೇಕು ಅನ್ನುವುದಕ್ಕೆ ಗಡುವಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಇಂಥ ಕೇಸುಗಳ ಹಣೆಬರಹ ಮೊದಲ ಕೆಲವು ವಾರದಲ್ಲಿ ಹುಟ್ಟುವ ಕಾಗದಗಳಲ್ಲೇ ಇರುತ್ತದೆ. ಆಸ್ಪತ್ರೆಯ ಮೊದಲ ಚೀಟಿ, ದೂರು, ಮಹಜರು, ನಕ್ಷೆ. ಇವುಗಳಲ್ಲಿ ತಪ್ಪಿದ್ದರೆ ಆಗಲೇ ಸರಿಪಡಿಸಲು ನೋಡಬಹುದು. ಮೂರು ವರ್ಷ ಬಿಟ್ಟು ಪಾಟಿ ಸವಾಲಿನಲ್ಲಿ ಇನ್ಶೂರೆನ್ಸ್ ವಕೀಲರು ಅದನ್ನು ಎತ್ತಿ ಹಿಡಿದಾಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇನ್ನೂ ಚಿಕಿತ್ಸೆ ನಡೆಯುತ್ತಿದೆ, ಏಳಲೂ ಆಗುತ್ತಿಲ್ಲ. ನನ್ನ ಬದಲು ಮನೆಯವರು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಹೆಂಡತಿ, ಗಂಡ, ಅಣ್ಣ, ಮಗ ಯಾರಾದರೂ ಸರಿ. ಆದರೆ ಅಪಘಾತ ಹೇಗಾಯಿತು ಅನ್ನುವುದನ್ನು ವಕೀಲರು ಗಾಯಾಳುವಿನ ಬಾಯಿಂದಲೇ ಒಮ್ಮೆ ಕೇಳಬೇಕು, ಫೋನಿನಲ್ಲಾದರೂ ಸರಿ. ಸ್ಥಳದಲ್ಲಿ ಇರದ ಭಾವಮೈದುನ ಹೇಳುವ ಕಥೆಗೂ ನಡೆದದ್ದಕ್ಕೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ.

ಆಸ್ಪತ್ರೆಗೇ ಬಂದು ಒಬ್ಬರು ಕಾರ್ಡ್ ಕೊಟ್ಟರು. 'ಎಲ್ಲ ನಾವೇ ನೋಡಿಕೊಳ್ಳುತ್ತೇವೆ, ನೀವು ಒಂದು ರೂಪಾಯಿ ಕೊಡಬೇಡಿ' ಅಂದರು. ನಂಬಬಹುದಾ?

ನಂಬಬೇಡಿ. ವಕೀಲರು ಜಾಹೀರಾತು ಕೊಡುವಂತಿಲ್ಲ, ತಾವಾಗಲಿ ದಲ್ಲಾಳಿಗಳ ಮೂಲಕವಾಗಲಿ ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಇದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ವಾರ್ಡಿಗೆ ಬಂದು ಕಾರ್ಡ್ ಹಂಚುವವರು ಸಾಮಾನ್ಯವಾಗಿ ವಕೀಲರೇ ಅಲ್ಲ, ಏಜೆಂಟರು. ಪರಿಹಾರ ಬಂದಾಗ ಅವರದ್ದೊಂದು ಪಾಲು ಇರುತ್ತದೆ. ಆ ಪಾಲು ಹೋಗುವುದು ನಿಮ್ಮ ಜೇಬಿನಿಂದಲೇ ಅಲ್ವಾ?

ಗೊತ್ತಿರುವವರ ಮೂಲಕ ಹೋಗಿ. ಇಲ್ಲದಿದ್ದರೆ ನಿಮ್ಮ ಊರಿನ ಕೋರ್ಟಿನ ವಕೀಲರ ಸಂಘದಲ್ಲಿ, ಎಂವಿಸಿ ಕೇಸು ನಡೆಸುವವರು ಯಾರು ಎಂದು ವಿಚಾರಿಸಿ. ಅಪಘಾತದ ಪರಿಹಾರದ ಕೇಸಿಗೆ ಕೋರ್ಟಿನ ಭಾಷೆಯಲ್ಲಿ ಎಂವಿಸಿ ಎಂದೇ ಹೆಸರು. ಜಮೀನಿನ ವ್ಯಾಜ್ಯದಲ್ಲಿ ಹೆಸರು ಮಾಡಿದ ದೊಡ್ಡ ವಕೀಲರಿಗಿಂತ, ದಿನಾ ಎಂವಿಸಿ ನಡೆಸುವ ಸಾಮಾನ್ಯ ವಕೀಲರು ಇಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ಮೊದಲ ಭೇಟಿಗೆ ಏನೇನು ಕಾಗದ ತೆಗೆದುಕೊಂಡು ಹೋಗಬೇಕು?

ಇರುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದು ಬೇಕು, ಯಾವುದು ಬೇಡ ಅಂತ ನೀವು ಆರಿಸಬೇಡಿ. ಇಲ್ಲದ್ದಕ್ಕಾಗಿ ಕಾಯುತ್ತಾ ಭೇಟಿಯನ್ನೂ ಮುಂದೂಡಬೇಡಿ.

ಪೊಲೀಸ್ ಕಡೆಯಿಂದ ಮುಖ್ಯವಾದದ್ದು ಎಫ್‌ಐಆರ್ ಮತ್ತು ಅದರ ಜೊತೆಗಿರುವ ದೂರು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಠಾಣೆಯವರು ಉಚಿತವಾಗಿ ಕೊಡಬೇಕು. ಸ್ಥಳ ಮಹಜರು, ನಕ್ಷೆ, ಆರ್‌ಟಿಓ ಇನ್‌ಸ್ಪೆಕ್ಟರ್ ಗಾಡಿ ನೋಡಿ ಕೊಡುವ ಐಎಂವಿ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್ ಇವೆಲ್ಲ ಆಮೇಲೆ ಬರುತ್ತವೆ. ವಕೀಲರೇ ತರಿಸುತ್ತಾರೆ. ನಿಮಗೆ ಗೊತ್ತಿರಬೇಕಾದದ್ದು ಠಾಣೆಯ ಹೆಸರು, ಅಪರಾಧ ಸಂಖ್ಯೆ ಮತ್ತು ಎದುರಿನ ಗಾಡಿಯ ನಂಬರು. ನಂಬರ್ ಇದ್ದರೆ ಓನರ್ ಯಾರು, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅನ್ನುವುದನ್ನು ಕಂಡುಹಿಡಿಯಬಹುದು.

ಆಸ್ಪತ್ರೆಯದ್ದು ಒಂದು ಚೀಟಿಯನ್ನೂ ಬಿಡಬೇಡಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಸ್ಕ್ಯಾನ್, ಮೆಡಿಕಲ್ ಸ್ಟೋರಿನ ಬಿಲ್, ಬೆಡ್ ಚಾರ್ಜು, ಫಿಸಿಯೋಥೆರಪಿ, ಆಂಬುಲೆನ್ಸ್, ಚೆಕಪ್ಪಿಗೆ ಹೋಗಿಬಂದ ಆಟೋ ಖರ್ಚು. ಮೂಲ ಬಿಲ್ಲುಗಳೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ. ಔಷಧಿ ಅಂಗಡಿಯ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಜೆರಾಕ್ಸನ್ನೂ ಮಾಡಿಸಿಡಿ. ಮೆಡಿಕ್ಲೇಮ್‌ನಿಂದಲೋ ಕಂಪನಿಯಿಂದಲೋ ಸ್ವಲ್ಪ ಹಣ ಈಗಾಗಲೇ ಬಂದಿದ್ದರೆ ಅದನ್ನು ವಕೀಲರಿಗೆ ಹೇಳಿ.

ಆದಾಯದ್ದು ಅತಿ ಮುಖ್ಯ. ನಮ್ಮ ಜನ ಸೋಲುವುದೂ ಇಲ್ಲಿಯೇ. ಸಂಬಳದವರಾದರೆ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಹಾಕಿದ ದಿನಗಳ ಲೆಕ್ಕ. ವ್ಯಾಪಾರ ಇದ್ದರೆ ಐಟಿ ರಿಟರ್ನ್, ಜಿಎಸ್‌ಟಿ, ಅಂಗಡಿ ಲೈಸೆನ್ಸ್. ರೈತರಾದರೆ ಪಹಣಿ, ಹಾಲಿನ ಡೈರಿಯ ಪಾಸ್‌ಬುಕ್, ಎಪಿಎಂಸಿ ಚೀಟಿ. ಗಾರೆ ಕೆಲಸ, ಪೇಂಟಿಂಗ್, ಆಟೋ ಓಡಿಸುವವರ ಹತ್ತಿರ ಕಾಗದ ಇರುವುದು ಕಡಿಮೆ. ಅಂಥವರು ಫೋನ್‌ಪೇಯಲ್ಲಿ ಬಂದ ಕೂಲಿಯ ವಿವರವನ್ನಾದರೂ ತೆಗೆದಿಡಿ, ಕೆಲಸ ಕೊಟ್ಟ ಮೇಸ್ತ್ರಿ ಬಂದು ಸಾಕ್ಷಿ ಹೇಳುತ್ತಾರಾ ಕೇಳಿ. ಏನೂ ಇಲ್ಲದಿದ್ದರೆ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತದೆ. ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿಟ್ಟ, ವರ್ಷವಾರು ಆದಾಯದ ಪಟ್ಟಿ ಒಂದಿದೆ. ಕೋರ್ಟುಗಳೂ ಅದನ್ನು ನೋಡುತ್ತವೆ. ಆದರೆ ಒಬ್ಬ ಒಳ್ಳೆ ಮೇಸ್ತ್ರಿಯ ನಿಜವಾದ ದುಡಿಮೆ ಆ ಪಟ್ಟಿಗಿಂತ ಎಷ್ಟೋ ಜಾಸ್ತಿ ಇರಬಹುದು.

ವಯಸ್ಸಿಗೆ ಆಧಾರ್ ಒಂದೇ ಸಾಕು ಅಂದುಕೊಳ್ಳಬೇಡಿ. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಅಪಘಾತದ ಕೇಸಿನಲ್ಲಿ ಹೇಳಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲೆಯ ಟಿಸಿ ತನ್ನಿ. ಹಳ್ಳಿಗಳಲ್ಲಿ ಆಧಾರ್ ಮಾಡಿಸುವಾಗ ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿದವರು ಎಷ್ಟೋ ಜನ. ಒಂದೆರಡು ವರ್ಷದ ವ್ಯತ್ಯಾಸಕ್ಕೆ ಪರಿಹಾರದಲ್ಲಿ ಲಕ್ಷಗಟ್ಟಲೆ ಏರುಪೇರಾಗಬಹುದು. ಹೇಗೆ ಅನ್ನುವುದು ಮುಂದೆ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ, ರೇಷನ್ ಕಾರ್ಡ್, ವಂಶವೃಕ್ಷ, ಅವಲಂಬಿತರೆಲ್ಲರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಬೇಕಾಗುತ್ತದೆ.

ಎಫ್‌ಐಆರ್ ಆಗಿಲ್ಲ. ಅಥವಾ ನಾಲ್ಕೈದು ದಿನ ತಡವಾಗಿ ಆಗಿದೆ. ಕೇಸು ಬಿದ್ದುಹೋಗುತ್ತಾ?

ತಡ ಆದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಮನೆಯವರು ಐಸಿಯು ಮುಂದೆ ನಿಂತಿದ್ದರು, ಠಾಣೆಗೆ ಹೋಗಲಾಗಲಿಲ್ಲ ಅನ್ನುವುದನ್ನು ಕೋರ್ಟುಗಳು ಅರ್ಥ ಮಾಡಿಕೊಳ್ಳುತ್ತವೆ. ಆದರೆ ತಡಕ್ಕೆ ಕಾರಣ ಏನು ಅನ್ನುವುದು ದೂರಿನಲ್ಲೇ ಇರಬೇಕು. ಎಫ್‌ಐಆರ್ ಆಗಿಯೇ ಇಲ್ಲ ಅಂದರೆ ವಕೀಲರ ಮೊದಲ ಕೆಲಸ ಅದೇ ಆಗುತ್ತದೆ. ಅಪಘಾತ ಎಂದು ಆಸ್ಪತ್ರೆಗೆ ಸೇರಿಸಿದಾಗ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕ) ನಮೂದಾಗಿ ಠಾಣೆಗೆ ಸುದ್ದಿ ಹೋಗಿರುತ್ತದೆ. ಅದರ ಪ್ರತಿ ಹುಡುಕಿ.

ಇಲ್ಲೊಂದು ಎಚ್ಚರಿಕೆ. ಗಾಯಾಳುವನ್ನು ಕರೆತಂದವರು ಗಡಿಬಿಡಿಯಲ್ಲಿ 'ಬೈಕಿಂದ ಬಿದ್ದರು' ಎಂದಷ್ಟೇ ಹೇಳಿರುತ್ತಾರೆ. ಡಾಕ್ಟರು ಹಾಗೇ ಬರೆದುಕೊಳ್ಳುತ್ತಾರೆ. ಆಮೇಲೆ ಎಫ್‌ಐಆರ್‌ನಲ್ಲಿ 'ಕಾರು ಬಂದು ಗುದ್ದಿತು' ಎಂದು ಬಂದರೆ, ಗಾಡಿ ನಂಬರ್ ಆಮೇಲೆ ಸೇರಿಸಿದ್ದಾರೆ ಎಂದು ಇನ್ಶೂರೆನ್ಸ್‌ನವರು ವಾದಿಸುತ್ತಾರೆ. ಆ ಅನುಮಾನಕ್ಕೆ ಕಾರಣವೂ ಇದೆ, ಸುಳ್ಳು ಗಾಡಿ ತೋರಿಸಿದ ಕೇಸುಗಳು ನಡೆದಿವೆ. ಹಾಗಾಗಿ ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆದಿದೆ ಅನ್ನುವುದನ್ನು ಮೊದಲ ಭೇಟಿಯಲ್ಲೇ ವಕೀಲರಿಗೆ ತೋರಿಸಿ.

ವಕೀಲರು ಏನೇನು ಕೇಳುತ್ತಾರೆ? ಎಲ್ಲವನ್ನೂ ಹೇಳಬೇಕಾ?

ಎಲ್ಲವನ್ನೂ ಹೇಳಿ. ನಿಮಗೆ ವಿರುದ್ಧವಾಗುವುದನ್ನು ಮೊದಲು ಹೇಳಿ. ಹೆಲ್ಮೆಟ್ ಇರಲಿಲ್ಲವಾ, ಬೈಕಿನಲ್ಲಿ ಮೂವರಿದ್ದಿರಾ, ಡಿಎಲ್ ಮುಗಿದಿತ್ತಾ, ಕುಡಿದಿದ್ದಿರಾ, ಒನ್‌ವೇಯಲ್ಲಿ ಬಂದಿರಾ, ಗಾಡಿ ಓಡಿಸುತ್ತಿದ್ದವನು ಹದಿನೆಂಟು ತುಂಬದ ಮಗನಾ. ನೀವು ವಕೀಲರಿಗೆ ಹೇಳಿದ್ದು ಗುಟ್ಟಾಗಿರುತ್ತದೆ. ಅದನ್ನು ಅವರು ನಿಮ್ಮ ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಸುಳ್ಳು ಸಾಕ್ಷಿ ಸೃಷ್ಟಿಸಿಕೊಡಿ ಎಂದು ಕೇಳಿದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ.

ಜನ ಭಯಪಡುವಷ್ಟು ಈ ಸಂಗತಿಗಳು ಕೇಸನ್ನು ಕೆಡಿಸುವುದಿಲ್ಲ. ಬೈಕಿನಲ್ಲಿ ಮೂವರಿದ್ದರು ಅನ್ನುವುದು ಸಂಚಾರ ನಿಯಮದ ಉಲ್ಲಂಘನೆ, ನಿಜ. ಆದರೆ ಅದರಿಂದಲೇ ಅಪಘಾತವಾಯಿತು ಎಂದು ತೋರಿಸದೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರಿಗೆ ಮೊದಲೇ ಗೊತ್ತಿದ್ದರೆ ಇಂಥ ತೀರ್ಪು ಹಿಡಿದು ತಯಾರಾಗಿರುತ್ತಾರೆ. ಎದುರಾಳಿ ವಕೀಲರ ಬಾಯಿಂದ ಮೊದಲ ಸಲ ಕೇಳಿದರೆ ಏನು ಮಾಡಬೇಕು ಅವರು?

ಅಪಘಾತವಾದ ಜಾಗ, ಹೊತ್ತು, ಬೆಳಕು, ಯಾರು ಯಾವ ಕಡೆಯಿಂದ ಬಂದರು, ಯಾರು ಆಸ್ಪತ್ರೆಗೆ ಸೇರಿಸಿದರು, ಹತ್ತಿರದಲ್ಲಿ ಸಿಸಿಟಿವಿ ಇತ್ತಾ, ಇವನ್ನೂ ಕೇಳುತ್ತಾರೆ. ಪೆಟ್ರೋಲ್ ಬಂಕ್, ಬೇಕರಿಗಳ ಕ್ಯಾಮೆರಾದಲ್ಲಿ ಹಳೆ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ತೆಗೆದಿಡಿ ಎಂದು ತನಿಖಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ.

ನಮ್ಮದೂ ಸ್ವಲ್ಪ ತಪ್ಪಿದ್ದರೆ ಪರಿಹಾರ ಸಿಗುತ್ತಾ?

ಸಿಗುತ್ತದೆ, ನಿಮ್ಮ ತಪ್ಪಿನ ಪಾಲು ಕಳೆದು. ತಪ್ಪು ನಿಮ್ಮದು ಶೇ 25 ಎಂದು ಕೋರ್ಟು ಹಿಡಿದರೆ ಹತ್ತು ಲಕ್ಷದಲ್ಲಿ ಏಳೂವರೆ ಲಕ್ಷ ಬರುತ್ತದೆ. ಪೂರ್ತಿ ತಪ್ಪು ಗಾಡಿ ಓಡಿಸಿದವರದ್ದೇ ಆಗಿದ್ದರೆ ಅವರಿಗೆ 166ನೇ ಸೆಕ್ಷನ್ನಿನಲ್ಲಿ, ಅಂದರೆ ಇಲ್ಲಿಯವರೆಗೆ ಹೇಳಿದ ಪರಿಹಾರದ ಅರ್ಜಿಯಲ್ಲಿ, ಏನೂ ಸಿಗುವುದಿಲ್ಲ. ಆಗ ಓನರ್-ಡ್ರೈವರ್‌ಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ತೆಗೆದುಕೊಂಡಿದ್ದಿರಾ ನೋಡಿ. ಅದು ಸಾವಿಗೆ ಮತ್ತು ದೊಡ್ಡ ಮಟ್ಟದ ಶಾಶ್ವತ ಊನಕ್ಕೆ ಬರುತ್ತದೆ. ಪಾಲಿಸಿಯಲ್ಲಿ ಈ ಸಾಲು ಇದ್ದದ್ದೇ ಗೊತ್ತಿಲ್ಲದ ಮನೆಗಳು ಬಹಳ.

ತಪ್ಪು ಯಾರದ್ದು ಅನ್ನುವ ಪ್ರಶ್ನೆಯೇ ಬೇಡ ಅನ್ನುವ ದಾರಿಯೂ ಒಂದಿದೆ, 164ನೇ ಸೆಕ್ಷನ್. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಆದರೆ ಇನ್ಶೂರೆನ್ಸ್ ಕಂಪನಿಯ ಮೂಲಕ ಈ ಹಣ ಒಪ್ಪಿಕೊಂಡರೆ ದೊಡ್ಡ ಮೊತ್ತದ ಅರ್ಜಿ ಅಲ್ಲಿಗೇ ಮುಗಿಯಿತು. ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಎಷ್ಟು ದುಡ್ಡು ಬರುತ್ತೆ ಅಂತ ಮೊದಲ ದಿನವೇ ಹೇಳ್ತಾರಾ?

'ಗ್ಯಾರಂಟಿ ಇಪ್ಪತ್ತು ಲಕ್ಷ' ಎಂದು ಮೊದಲ ದಿನವೇ ಹೇಳಿದರೆ ಎದ್ದು ಬನ್ನಿ. ಆದರೆ ಲೆಕ್ಕ ಹೇಗೆ ಮಾಡುತ್ತಾರೆ ಅನ್ನುವುದನ್ನು ಯಾವ ವಕೀಲರಾದರೂ ಹೇಳಬಲ್ಲರು. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. 2009ರ ಸರಳಾ ವರ್ಮಾ ತೀರ್ಪು, 2017ರ ಪ್ರಣಯ್ ಸೇಥಿ ತೀರ್ಪು, ಇವೆರಡರ ಮೇಲೆ ಇಡೀ ದೇಶದ ಲೆಕ್ಕ ನಿಂತಿದೆ.

ಒಂದು ಉದಾಹರಣೆ ನೋಡಿ. 34 ವರ್ಷದ ಬಡಗಿ, ತಿಂಗಳಿಗೆ 15,000 ದುಡಿಮೆ ಎಂದು ಕೋರ್ಟು ಒಪ್ಪಿತು. ಅವರು ತೀರಿಹೋದರು. ಸ್ವಂತ ದುಡಿಮೆಯವರಿಗೆ 40 ವರ್ಷದ ಒಳಗಿದ್ದರೆ, ಮುಂದೆ ಆದಾಯ ಏರುತ್ತಿತ್ತು ಎಂದು ಶೇ 40 ಸೇರಿಸುತ್ತಾರೆ. 21,000 ಆಯಿತು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅಂದರೆ ನಾಲ್ವರು ಅವಲಂಬಿತರು. ಹಾಗಾಗಿ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯುತ್ತಾರೆ. ಉಳಿದದ್ದು 15,750. ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 31ರಿಂದ 35ಕ್ಕೆ ಗುಣಕ 16, ಹಾಗಾಗಿ 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಕುಟುಂಬದವರು ಕಳೆದುಕೊಂಡ ಆಸರೆ ಮುಂತಾದವಕ್ಕೆ ನಿಗದಿಯಾದ ಮೊತ್ತ. ಅದೇ ವ್ಯಕ್ತಿಗೆ 36 ಎಂದು ದಾಖಲೆಯಲ್ಲಿದ್ದರೆ ಗುಣಕ 15. ಒಂದೇ ಏಟಿಗೆ 1,89,000 ಕಡಿಮೆ. ಟಿಸಿ ಯಾಕೆ ಬೇಕು ಅಂದದ್ದು ಇದಕ್ಕೇ.

ಗಾಯದ ಕೇಸಿನಲ್ಲಿ ಲೆಕ್ಕ ಬೇರೆ. ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ಆದಾಯ, ನೋವು, ಪಥ್ಯ, ನೋಡಿಕೊಂಡವರ ಖರ್ಚು, ಇವೆಲ್ಲ ಬೇರೆ ಬೇರೆ ತಲೆಬರಹದಲ್ಲಿ ಬರುತ್ತವೆ. ಅದರ ಜೊತೆಗೆ ಶಾಶ್ವತ ಊನದಿಂದ ದುಡಿಮೆ ಎಷ್ಟು ಕುಗ್ಗಿತು ಅನ್ನುವುದು. ಇದೇ ಬಡಗಿ ಬದುಕುಳಿದು, ದುಡಿಮೆ ಶೇ 20ರಷ್ಟು ಕುಗ್ಗಿದೆ ಎಂದು ಕೋರ್ಟು ಹಿಡಿದರೆ, ಮುಂದಿನ ಏರಿಕೆ ಸೇರಿಸದೆ ಬರೀ 15,000ದ ಲೆಕ್ಕದಲ್ಲೇ ಈ ಒಂದು ಬಾಬ್ತಿಗೆ 5,76,000 ಆಗುತ್ತದೆ.

ಡಾಕ್ಟರ್ ಬರೆಯುವ ಶೇಕಡಾವಾರು ಬೇರೆ, ಕೋರ್ಟು ಹಿಡಿಯುವುದು ಬೇರೆ. ಬಲಗಾಲಿಗೆ ಶೇ 30 ಎಂದು ಡಾಕ್ಟರ್ ಹೇಳಿದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯುವುದು ನಮ್ಮ ಕೋರ್ಟುಗಳಲ್ಲಿ ಸಾಮಾನ್ಯ. ಆದರೆ ಅದೇ ಕೊನೆಯಲ್ಲ. ಊನದಿಂದ ಆ ಮನುಷ್ಯನ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನೋಡಬೇಕು ಎಂದು 2010ರ ರಾಜ್‌ಕುಮಾರ್ ತೀರ್ಪು ಹೇಳುತ್ತದೆ. ಮೊಣಕಾಲು ಮಡಚಲಾಗದ ಗುಮಾಸ್ತರು ಕುರ್ಚಿಯಲ್ಲಿ ಕೂತು ಕೆಲಸ ಮಾಡಬಹುದು. ತೆಂಗಿನಮರ ಹತ್ತುವವರಿಗೆ ಅದು ಕೆಲಸವೇ ಹೋದ ಹಾಗೆ. ಹಾಗಾಗಿ ಮೊದಲ ಭೇಟಿಯಲ್ಲಿ 'ಕೂಲಿ' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ದಿನಾ ಏನೇನು ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ, ಬಿಡಿಸಿ ಹೇಳಿ.

ಫೀಸ್ ಎಷ್ಟು? ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂತಾರಲ್ಲ, ಅದು ಸರಿನಾ?

ಗೆದ್ದರೆ ಇಷ್ಟು ಪಾಲು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮ ಇದನ್ನು ನೇರವಾಗಿ ನಿಷೇಧಿಸುತ್ತದೆ. ಅಮೆರಿಕದಲ್ಲಿ ಇದು ಮಾಮೂಲಿ, ಅಲ್ಲಿರುವ ನೆಂಟರು ಹಾಗೆ ಹೇಳಿದರೆ ಅವರ ದೇಶದ ಮಟ್ಟಿಗೆ ಸರಿ. ನಮ್ಮಲ್ಲಿ ಅಲ್ಲ.

ಆದರೂ ಪರ್ಸೆಂಟ್ ಮಾತು ಕೋರ್ಟಿನ ಆವರಣದಲ್ಲಿ ಕೇಳಿಸುತ್ತಲೇ ಇರುತ್ತದೆ. ಕೈಯಲ್ಲಿ ಕಾಸಿಲ್ಲದವರಿಗೆ ಅದು ಅನುಕೂಲದಂತೆ ಕಾಣುವುದೂ ನಿಜ. ನನ್ನ ಅಭಿಪ್ರಾಯ ಕೇಳಿದರೆ, ನಿಗದಿಯಾದ ಮೊತ್ತ ಮಾತಾಡಿ, ಕಂತಿನಲ್ಲಿ ಕೊಡುತ್ತೇನೆ ಅನ್ನಿ. ಎಷ್ಟೋ ವಕೀಲರು ಒಪ್ಪುತ್ತಾರೆ. ಫೀಸಿನಲ್ಲಿ ಏನೇನು ಸೇರಿದೆ ಎಂದು ಕೇಳಿ. ಟೈಪಿಂಗ್, ಪ್ರಮಾಣಿತ ನಕಲು, ಸಾಕ್ಷಿ ಹೇಳಲು ಬರುವ ಡಾಕ್ಟರ ಖರ್ಚು, ಇವು ಬೇರೆಯೇ? ಮುಂದೆ ಹೈಕೋರ್ಟಿಗೆ ಹೋದರೆ ಬೇರೆ ಫೀಸಾ? ಕೊಟ್ಟ ಹಣಕ್ಕೆ ರಸೀದಿ ಕೇಳಿ, ಇಲ್ಲವೇ ಯುಪಿಐಯಲ್ಲಿ ಕಳಿಸಿ. ಅರ್ಜಿಯ ಕೋರ್ಟ್ ಫೀ ತೀರಾ ಕಡಿಮೆ. ಪರಿಹಾರದ ಮೊತ್ತದ ಮೇಲೆ ಸಾವಿರಗಟ್ಟಲೆ ಕೋರ್ಟ್ ಫೀ ಕಟ್ಟಬೇಕು ಎಂದು ಯಾರಾದರೂ ಹೇಳಿದರೆ ಅನುಮಾನ ಪಡಿ.

ಫೀಸ್ ಕೊಡುವ ಶಕ್ತಿಯೇ ಇಲ್ಲದಿದ್ದರೆ?

ಪ್ರತಿ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ಮೊದಲ ದಿನವೇ ಸಹಿ ಹಾಕಬೇಕಾ?

ಹಾಕಲೇಬೇಕು ಅಂತೇನಿಲ್ಲ. ಕೇಸು ಕೊಡುವುದು ಖಚಿತವಾದರೆ ವಕಾಲತ್ತಿಗೆ ಸಹಿ ಹಾಕುತ್ತೀರಿ. ನಿಮ್ಮ ಪರವಾಗಿ ಕೋರ್ಟಿನಲ್ಲಿ ನಿಲ್ಲಲು ಅವರಿಗೆ ಕೊಡುವ ಅಧಿಕಾರ ಅದು. ಓದಿ ಸಹಿ ಹಾಕಿ, ಓದಲು ಬರದಿದ್ದರೆ ಮನೆಯವರಿಂದ ಓದಿಸಿ. ಖಾಲಿ ಹಾಳೆ, ಖಾಲಿ ಛಾಪಾ ಕಾಗದ, ಖಾಲಿ ಚೆಕ್ ಇವಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಬೇಡ. 'ಪದೇ ಪದೇ ಬರೋದು ತಪ್ಪುತ್ತೆ' ಎಂದು ಹೇಳಿದರೂ ಬೇಡ. ಪರಿಹಾರಕ್ಕಾಗಿ ಹೊಸ ಬ್ಯಾಂಕ್ ಖಾತೆ ತೆರೆಸಿ ಪಾಸ್‌ಬುಕ್, ಎಟಿಎಂ ಕಾರ್ಡನ್ನು ತಾವೇ ಇಟ್ಟುಕೊಳ್ಳುತ್ತೇವೆ ಅಂದರೂ ಬೇಡ.

ಅರ್ಜಿ ತಯಾರಾದಮೇಲೆ ಅದರ ಒಂದು ಪ್ರತಿ ನಿಮಗೆ ಬೇಕು. ಅದು ಇಂಗ್ಲಿಷಿನಲ್ಲಿದ್ದರೆ ಅಪಘಾತದ ವಿವರ, ವಯಸ್ಸು, ಕೆಲಸ, ಆದಾಯ ಬರೆದಿರುವ ಭಾಗವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಸಾಕ್ಷಿ ಕಟ್ಟೆಯಲ್ಲಿ ನಿಂತು ಅದಕ್ಕೆ ಉತ್ತರ ಕೊಡಬೇಕಾದವರು ನೀವು.

ಹೊಸೂರಿನ ಹತ್ತಿರ ಆಕ್ಸಿಡೆಂಟ್ ಆಯಿತು. ನಾವಿರುವುದು ಬೆಂಗಳೂರಿನಲ್ಲಿ. ತಮಿಳುನಾಡಿಗೆ ಅಲೆಯಬೇಕಾ?

ಬೇಕಾಗಿಲ್ಲ. ಅಪಘಾತವಾದ ಜಾಗ, ನೀವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರು, ಎದುರು ಪಾರ್ಟಿ ವಾಸಿಸುವ ಊರು, ಇವುಗಳಲ್ಲಿ ಎಲ್ಲಿಯಾದರೂ ಹಾಕಬಹುದು. ಬೆಂಗಳೂರಿನಲ್ಲಿ ಈ ಕೇಸುಗಳು ನಡೆಯುವುದು ಹೆಚ್ಚಾಗಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ. ತಮಿಳಿನಲ್ಲಿರುವ ಪೊಲೀಸ್ ಕಾಗದಗಳನ್ನು ಅನುವಾದ ಮಾಡಿಸುವ ಕೆಲಸ ಮಾತ್ರ ಸೇರಿಕೊಳ್ಳುತ್ತದೆ.

ಗುದ್ದಿದ ಗಾಡಿ ನಿಲ್ಲಿಸದೆ ಹೋಯಿತು. ಅಥವಾ ಅದಕ್ಕೆ ಇನ್ಶೂರೆನ್ಸೇ ಇಲ್ಲ.

ಗಾಡಿ ಯಾವುದೆಂದು ಕೊನೆಗೂ ಸಿಗದಿದ್ದರೆ ಹಿಟ್ ಅಂಡ್ ರನ್ ಯೋಜನೆ ಇದೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅರ್ಜಿ ಹೋಗುವುದು ಕೋರ್ಟಿಗಲ್ಲ, ಕಂದಾಯ ಇಲಾಖೆಯ ಅಧಿಕಾರಿಗೆ. ಮಂಜೂರು ಮಾಡುವುದು ಜಿಲ್ಲಾಡಳಿತ. ಇನ್ಶೂರೆನ್ಸ್ ಇಲ್ಲದ ಗಾಡಿಯಾದರೆ ಹಣ ಕೊಡಬೇಕಾದವರು ಓನರ್. ಅವರ ಆಸ್ತಿ ಹುಡುಕಿ ವಸೂಲಿ ಮಾಡುವುದು ನಿಜಕ್ಕೂ ಕಷ್ಟದ ಕೆಲಸ, ಇದನ್ನು ವಕೀಲರು ಮೊದಲೇ ಬಿಚ್ಚಿ ಹೇಳಬೇಕು. ಇನ್ಶೂರೆನ್ಸ್ ಇದ್ದು ಡ್ರೈವರಿಗೆ ಲೈಸೆನ್ಸ್ ಇಲ್ಲದಿದ್ದರೆ ಅಷ್ಟು ಹೆದರಬೇಡಿ. ಕಂಪನಿ ಮೊದಲು ನಿಮಗೆ ಕೊಟ್ಟು, ಆಮೇಲೆ ಓನರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶ ಮಾಡುತ್ತವೆ.

ಸ್ನೇಹಿತನ ಬೈಕಿನಲ್ಲಿ ಹಿಂದೆ ಕೂತಿದ್ದೆ. ಅವನೇ ಬೀಳಿಸಿದ. ಅವನ ಮೇಲೆ ಕೇಸು ಹಾಕೋದಾ?

ಕಾಗದದ ಮೇಲೆ ಅವನೂ ಪ್ರತಿವಾದಿ ಆಗುತ್ತಾನೆ, ಹಣ ಕೊಡಬೇಕಾದದ್ದು ಇನ್ಶೂರೆನ್ಸ್ ಕಂಪನಿ. ಸ್ನೇಹ ಕೆಡುತ್ತದೆ ಎಂದು ಬಿಟ್ಟುಬಿಡುವವರಿದ್ದಾರೆ, ಅವನಿಗೆ ಇದನ್ನು ಮೊದಲೇ ವಿವರಿಸಿ ಹೇಳಿ. ಆದರೆ ಪಾಲಿಸಿ ಯಾವುದು ಅನ್ನುವುದು ಇಲ್ಲಿ ಮುಖ್ಯ. ಪ್ಯಾಕೇಜ್ ಪಾಲಿಸಿ (ಸ್ವಂತ ಗಾಡಿಯ ನಷ್ಟವೂ ಸೇರಿದ ಪಾಲಿಸಿ) ಆಗಿದ್ದರೆ ಹಿಂದೆ ಕೂತವರಿಗೆ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಆಗಿದ್ದರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಆಗ ನಿಜವಾಗಿಯೂ ಹೊರೆ ಸ್ನೇಹಿತನ ಮೇಲೇ ಬೀಳುತ್ತದೆ. ಖಾಸಗಿ ಕಾರಿನಲ್ಲಿ ಕೂತಿದ್ದವರಿಗೂ ಇದೇ ಮಾತು.

ಎದುರು ಪಾರ್ಟಿಯವರು ಮನೆಗೆ ಬಂದು 'ಐವತ್ತು ಸಾವಿರ ಕೊಡ್ತೀವಿ, ಕೇಸು ಬೇಡ' ಅಂತಿದ್ದಾರೆ.

ಆಸ್ಪತ್ರೆ ಖರ್ಚಿಗೆ ಮನುಷ್ಯತ್ವದಿಂದ ಕೊಟ್ಟರೆ ತೆಗೆದುಕೊಳ್ಳುವುದು ಬಿಡುವುದು ನಿಮ್ಮಿಷ್ಟ. ಆದರೆ 'ಇನ್ನು ನಮ್ಮ ತಕರಾರಿಲ್ಲ' ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಡಿ. ಪರಿಹಾರ ಕಟ್ಟುವುದು ಅವರ ಇನ್ಶೂರೆನ್ಸ್, ಅವರ ಮನೆಯಲ್ಲ ಎಂದು ತಿಳಿಸಿ ಹೇಳಿದರೆ ಎಷ್ಟೋ ಜನ ಹಗುರಾಗುತ್ತಾರೆ. ಇನ್ಶೂರೆನ್ಸ್ ಕಂಪನಿಯ ತನಿಖೆದಾರರು ಮನೆಗೆ ಬಂದರೂ ಗೌರವದಿಂದ ಮಾತಾಡಿಸಿ, ಹೇಳಿಕೆ ಬರೆದುಕೊಂಡು ಸಹಿ ಕೇಳಿದರೆ ವಕೀಲರ ನಂಬರ್ ಕೊಡಿ.

ವಕೀಲರನ್ನು ನಾವೇನು ಕೇಳಬೇಕು? ಅವರನ್ನು ಪ್ರಶ್ನೆ ಮಾಡಿದರೆ ತಪ್ಪು ತಿಳಿಯುತ್ತಾರಾ?

ಒಳ್ಳೆಯವರು ತಿಳಿಯುವುದಿಲ್ಲ. ಈ ಕೇಸು ನೀವೇ ನಡೆಸುತ್ತೀರಾ, ಜೂನಿಯರ್ ನಡೆಸುತ್ತಾರಾ? ನಮ್ಮ ಕೇಸಿನ ದುರ್ಬಲ ಜಾಗ ಯಾವುದು? ನಾನು ಎಷ್ಟು ಸಲ ಕೋರ್ಟಿಗೆ ಬರಬೇಕು? ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಎರಡನೇ ಪ್ರಶ್ನೆಗೆ 'ದುರ್ಬಲ ಜಾಗವೇ ಇಲ್ಲ' ಎಂಬ ಉತ್ತರ ಬಂದರೆ ಇನ್ನೊಬ್ಬರನ್ನೂ ನೋಡಿ ಬನ್ನಿ. ಗುದ್ದಿದ ಡ್ರೈವರ್ ಪರವಾಗಿ ಕ್ರಿಮಿನಲ್ ಕೇಸು ಇದೇ ಆಫೀಸಿನಲ್ಲಿ ನಡೆಯುತ್ತಿದೆಯಾ ಅನ್ನುವುದನ್ನೂ ಕೇಳಿಬಿಡಿ. ಸಣ್ಣ ಊರುಗಳಲ್ಲಿ ಹಾಗಾಗುವುದುಂಟು.

ಆಮೇಲೆ ವಕೀಲರು ಸರಿಬರಲಿಲ್ಲ ಅಂದರೆ?

ಬದಲಾಯಿಸಬಹುದು. ಮಾತಾಡಿದ ಫೀಸ್ ಚುಕ್ತಾ ಮಾಡಿ, ಹಳೆ ವಕೀಲರಿಂದ ಒಪ್ಪಿಗೆ ಪತ್ರ ಪಡೆದು ಹೊಸಬರಿಗೆ ವಕಾಲತ್ತು ಕೊಡಿ. ಫೀಸಿನ ತಕರಾರು ಇದ್ದರೂ ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ.

ಎಷ್ಟು ದಿನ ಹಿಡಿಯುತ್ತೆ? ಹಣ ಹೇಗೆ ಕೈಗೆ ಬರುತ್ತೆ?

ವರ್ಷದೊಳಗೆ ಮುಗಿದರೆ ಅದೃಷ್ಟ. ಎರಡು ಮೂರು ವರ್ಷ ಸಾಮಾನ್ಯ. ನಡುವೆ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆಯಬಹುದು. ಅಲ್ಲಿ ಒಪ್ಪಿದರೆ ಬೇಗ ಮುಗಿಯುತ್ತದೆ, ಆದರೆ ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಮೊತ್ತ ಎಷ್ಟು ಎಂದು ನಿಮ್ಮನ್ನು ಕೇಳದೆ ಒಪ್ಪಬೇಡಿ ಎಂದು ವಕೀಲರಿಗೆ ಮೊದಲ ದಿನವೇ ಹೇಳಿಡಿ. ಕೋರ್ಟಿನ ತೀರ್ಪು ಕಡಿಮೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಕೇಸು ದಾಖಲಾದಮೇಲೆ ಸಿಎನ್‌ಆರ್ ನಂಬರ್, ಅಂದರೆ ನಿಮ್ಮ ಕೇಸಿನ ಗುರುತಿನ ಸಂಖ್ಯೆ, ಇಸಿದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು, ಎಲ್ಲ ನೀವೇ ನೋಡಬಹುದು.

ತೀರ್ಪಾದ 30 ದಿನದೊಳಗೆ ಕಂಪನಿ ಹಣ ಕಟ್ಟಬೇಕು, ಅಪೀಲಿಗೆ ಹೋದರೆ ತಡವಾಗುತ್ತದೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರುತ್ತದೆ. ದೊಡ್ಡ ಮೊತ್ತವಾದರೆ ಒಂದು ಭಾಗವನ್ನು ಎಫ್‌ಡಿ ಇಡಿಸುತ್ತಾರೆ, ಚಿಕ್ಕ ಮಕ್ಕಳ ಪಾಲು ಅವರಿಗೆ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲೇ ಇರುತ್ತದೆ. ಪರಿಹಾರ ನೇರವಾಗಿ ಹಕ್ಕುದಾರರ ಖಾತೆಗೇ ಹೋಗುವ ಹಾಗೆ ಮಾಡಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಹೇಳಿದೆ. ಹಾಗಾಗಿ ಮೊದಲ ಭೇಟಿಗೆ ಒಯ್ಯುವ ಚೀಲದಲ್ಲಿ ನಿಮ್ಮ ಹೆಸರಿನ ಪಾಸ್‌ಬುಕ್ ಇರಲಿ. ಅದರಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಸರಿಮಾಡಿಸಿ, ತೀರ್ಪು ಬರುವಷ್ಟರಲ್ಲಿ ಅದಕ್ಕೆ ಬೇಕಾದಷ್ಟು ಸಮಯ ಇರುತ್ತದೆ.